ಚೆಕ್: ಕ್ರಿಯೆಯೋ ಸ್ಥಿತಿಯೋ? ಚದುರಂಗದ ಅಪೂರ್ವ ಪ್ರಸಂಗಗಳು ಮತ್ತು ನಿಯಮನಿರೂಪಣೆಯ ಭಾಷೆ

ಭಾಷೆಯನ್ನು ಚದುರಂಗಕ್ಕೆ ಹೋಲಿಸುವ ಪರಿಪಾಠ ಆಧುನಿಕ ಭಾಷಾವಿಜ್ಞಾನದಷ್ಟೇ ಹಳೆಯದು. ಫರ್ಡಿನೆಂಡ್ ಡಿ ಸಸೂರನ ಉಪನ್ಯಾಸಗಳು 1916ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾದಾಗ ಈ ಹೋಲಿಕೆ ವಿದ್ವಾಂಸರ ಗಮನ ಸೆಳೆಯಿತು. ಮಣೆಯ ಮೇಲಿನ ಒಂದು ಸ್ಥಿತಿಯನ್ನು ಅರಿಯಲು ಅದರ ಹಿಂದಿನ ನಡೆಗಳನ್ನು ಬಲ್ಲವನಾಗಿರಬೇಕಿಲ್ಲ. ಆಟವನ್ನು ಮೊದಲಿನಿಂದ ನೋಡಿದವನಿಗೂ ನಡುವೆ ಬಂದು ನಿಂತವನಿಗೂ ಈ ವಿಷಯದಲ್ಲಿ ಭೇದವಿಲ್ಲ ಎಂಬುದು ಆತನ ವಾದದ ತಿರುಳು. ಈ ಮಾತು ಚದುರಂಗಕ್ಕೆ ಎಷ್ಟರಮಟ್ಟಿಗೆ ಸಲ್ಲುತ್ತದೆ ಎಂಬುದನ್ನು ಭಾಷಾವಿಜ್ಞಾನಿಗಳಿಗಿಂತ ಹೆಚ್ಚಾಗಿ ಪರೀಕ್ಷಿಸಬೇಕಾಗಿ ಬಂದವರು ಗಣಕಕ್ಕೆ ಚದುರಂಗ ಕಲಿಸಹೊರಟವರು. ಒಂದು ಸ್ಥಿತಿಯಲ್ಲಿ ಆಡಲು ಸಾಧ್ಯವಿರುವ ನ್ಯಾಯಸಮ್ಮತ ನಡೆಗಳನ್ನೆಲ್ಲ, ಒಂದೂ ಬಿಡದೆ, ಒಂದೂ ಹೆಚ್ಚಾಗದೆ, ಪಟ್ಟಿಮಾಡುವುದು ಅವರ ಮೊದಲ ಕೆಲಸ. ಈ ಕೆಲಸದಲ್ಲಿ ಎಡವುವ ತಾಣಗಳಲ್ಲಿ ಹೆಚ್ಚಿನವು ರಾಜನಿಗೆ ಬರುವ ಚೆಕ್‌ನ ಸುತ್ತ ಇವೆ. ಆ ಎಡವುವಿಕೆಗೆ ನಿಯಮದ ಕ್ಲಿಷ್ಟತೆಯಷ್ಟೇ ಅದನ್ನು ಹೇಳುವ ಭಾಷೆಯೂ ಕಾರಣವೆಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

1. ಪದ ಮತ್ತು ಪ್ರಯೋಗ

‘ಚದುರಂಗ’ವು ಸಂಸ್ಕೃತದ ‘ಚತುರಂಗ’ದ ತದ್ಭವ. ರಥ, ಗಜ, ತುರಗ, ಪದಾತಿ ಎಂಬ ಸೇನೆಯ ನಾಲ್ಕು ಅಂಗಗಳೇ ಆಟದ ಹೆಸರಿಗೆ ಮೂಲ. ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹನ್ನೆರಡನೆಯ ಶತಮಾನದ ‘ಮಾನಸೋಲ್ಲಾಸ’ದಲ್ಲಿ ರಾಜವಿನೋದಗಳ ಸಾಲಿನಲ್ಲಿ ಚತುರಂಗಕ್ಕೂ ಸ್ಥಾನವುಂಟು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಕುದುರೆಯು ಮಣೆಯ ಅರವತ್ತನಾಲ್ಕು ಮನೆಗಳನ್ನೂ ಒಂದೊಂದೇ ಬಾರಿ ಮೆಟ್ಟುವ ಬಂಧಗಳನ್ನು ರಚಿಸಿ ಹೆಸರಾದವರು. ಹೀಗೆ ಕನ್ನಡ ನಾಡಿನಲ್ಲಿ ಈ ಆಟ ವಿನೋದವೂ ಆಗಿತ್ತು, ಗಣಿತವೂ ಆಗಿತ್ತು.

ಇಂದಿನ ಕನ್ನಡದಲ್ಲಿ ಕಾಯಿಗಳ ಹೆಸರು ರಾಜ, ಮಂತ್ರಿ, ಆನೆ, ಒಂಟೆ, ಕುದುರೆ, ಕಾಲಾಳು ಎಂದು ನೆಲೆಗೊಂಡಿವೆ. ನೇರ ಸಾಲುಗಳಲ್ಲಿ ಆನೆ, ಓರೆ ಸಾಲುಗಳಲ್ಲಿ ಒಂಟೆ, ಎರಡರಲ್ಲೂ ಮಂತ್ರಿ ಚಲಿಸುತ್ತವೆ. ಆದರೆ ರಾಜನ ಮೇಲೆ ಬರುವ ಆಕ್ರಮಣಕ್ಕೆ ಅಚ್ಚಗನ್ನಡ ಪದವೊಂದು ಬಳಕೆಗೆ ಬಂದಂತಿಲ್ಲ. ‘ರಾಜ’ ಎಂಬರ್ಥದ ಪಾರಸಿಯ ‘ಶಾಹ್’ನಿಂದ ಬಂದ ‘ಶಹ’ ಬರವಣಿಗೆಯಲ್ಲಿ ಕಾಣಿಸಿಕೊಳ್ಳುತ್ತದೆ. ಆಡುಮಾತಿನಲ್ಲಿ ‘ಚೆಕ್’ ಎಂಬುದೇ ರೂಢಿ. ಇಂಗ್ಲಿಷಿನ ಈ ಪದವೂ ಅದೇ ಪಾರಸಿ ಮೂಲದ್ದು. ಎರಡರ ಮೂಲಾರ್ಥವೂ ಆಕ್ರಮಣವಲ್ಲ, ‘ರಾಜ!’ ಎಂಬ ಎಚ್ಚರಿಕೆಯ ಕೂಗು. ಅಂದರೆ ಪದವು ಹೆಸರಿಸುವುದು ಆಕ್ರಮಿಸಿದ ಕಾಯಿಯನ್ನಲ್ಲ, ಆಕ್ರಮಣಕ್ಕೆ ಗುರಿಯಾದವನನ್ನು.

ಫರ್ಡಿನೆಂಡ್ ಕಿಟೆಲ್ಲರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನಿಂದ ಪ್ರಕಟವಾದಂದಿನಿಂದ ಪದವನ್ನು ಪ್ರಯೋಗದೊಡನೆ ಇಟ್ಟು ನೋಡುವ ಶಿಸ್ತು ಈ ನಗರದ ವಿದ್ವತ್ಪರಂಪರೆಗೆ ಪರಿಚಿತ. ಆ ಶಿಸ್ತಿನಿಂದ ನೋಡಿದರೆ ‘ಚೆಕ್’ ಪದಕ್ಕೆ ಕನ್ನಡದಲ್ಲಿ ಎರಡು ಪ್ರಯೋಗಗಳಿವೆ. ‘ಕುದುರೆಯಿಂದ ಚೆಕ್ ಕೊಟ್ಟ’ ಎಂಬುದು ಒಂದು. ‘ರಾಜನಿಗೆ ಚೆಕ್ ಇದೆ’ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಚೆಕ್ ಒಂದು ಕ್ರಿಯೆ. ಅದಕ್ಕೆ ಕರ್ತೃವುಂಟು, ಕರಣವುಂಟು. ಎರಡನೆಯದರಲ್ಲಿ ಅದು ಸ್ಥಿತಿ. ಚತುರ್ಥಿಯಲ್ಲಿ ನಿಂತ ರಾಜನೊಬ್ಬನೇ ಸಾಕು. ಸಾಮಾನ್ಯ ಆಟದಲ್ಲಿ ಈ ಭೇದ ನಗಣ್ಯ. ಅಪೂರ್ವ ಪ್ರಸಂಗಗಳಲ್ಲಿ ಮಾತ್ರ ಮೊದಲನೆಯ ಪ್ರಯೋಗ ದಾರಿತಪ್ಪಿಸುತ್ತದೆ, ಎರಡನೆಯದು ದಾರಿ ತೋರುತ್ತದೆ.

2. ಗತಿ ಮತ್ತು ವಿಧಿ

ನಡೆಗಳ ಪಟ್ಟಿಯನ್ನು ಗಣಕ ಸಾಮಾನ್ಯವಾಗಿ ಎರಡು ಹಂತಗಳಲ್ಲಿ ತಯಾರಿಸುತ್ತದೆ. ಮೊದಲು ಪ್ರತಿಯೊಂದು ಕಾಯಿಯ ಚಲನೆಯ ರೀತಿಯನ್ನಷ್ಟೇ ಗಮನಿಸಿ ಅದು ಹೋಗಬಲ್ಲ ಮನೆಗಳನ್ನೆಲ್ಲ ಗುರುತಿಸುತ್ತದೆ. ಇವುಗಳನ್ನು ಗತಿಸಿದ್ಧ ನಡೆಗಳೆನ್ನಬಹುದು. ಬಳಿಕ ಆ ನಡೆಯನ್ನು ಮಣೆಯ ಮೇಲೆ ಆಡಿ ನೋಡಿ, ತನ್ನ ರಾಜನಿಗೆ ಚೆಕ್ ಇದೆಯೇ ಎಂದು ಪರೀಕ್ಷಿಸುತ್ತದೆ. ಇದ್ದರೆ ಆ ನಡೆಯನ್ನು ತ್ಯಜಿಸುತ್ತದೆ. ಉಳಿದವು ವಿಧಿಸಿದ್ಧ ನಡೆಗಳು.

ಕನ್ನಡ ವ್ಯಾಕರಣವನ್ನು ಓದಿದವರಿಗೆ ಈ ಕ್ರಮ ಅಪರಿಚಿತವಲ್ಲ. ಸ್ವರದ ಮುಂದೆ ಸ್ವರ ಬಂದಾಗ ಪೂರ್ವಸ್ವರ ಲೋಪವಾಗುತ್ತದೆ, ಆದರೆ ಅರ್ಥ ಕೆಡದಿದ್ದರೆ ಮಾತ್ರ ಎಂಬುದು ಶಾಲಾ ವ್ಯಾಕರಣವೂ ಹೇಳುವ ನಿಯಮ. ‘ಊರು’ ಮತ್ತು ‘ಅಲ್ಲಿ’ ಸೇರಿ ‘ಊರಲ್ಲಿ’ ಆಗುತ್ತದೆ. ‘ಮನೆ’ ಮತ್ತು ‘ಅಲ್ಲಿ’ ಸೇರಿ ‘ಮನಲ್ಲಿ’ ಆಗದು, ‘ಮನೆಯಲ್ಲಿ’ ಆಗುತ್ತದೆ. ವರ್ಣಗಳ ಸನ್ನಿವೇಶದಿಂದ ಲೋಪ ಎರಡೂ ಕಡೆ ಪ್ರಾಪ್ತ. ಫಲವನ್ನು ನೋಡಿ ಒಂದು ಕಡೆ ನಿಷಿದ್ಧ. ಚದುರಂಗದಲ್ಲಿ ಅರ್ಥದ ಸ್ಥಾನದಲ್ಲಿರುವುದು ರಾಜನ ಸುರಕ್ಷೆ.

ಪ್ರತಿ ನಡೆಯನ್ನೂ ಆಡಿ ನೋಡುವ ಈ ಕ್ರಮ ನಿರ್ದುಷ್ಟ, ಆದರೆ ನಿಧಾನ. ಆದಕಾರಣ ಕಾರ್ಯಕ್ರಮ ರಚಿಸುವವರು ಒಳದಾರಿಗಳನ್ನು ಹುಡುಕುತ್ತಾರೆ. ಚೆಕ್ ಕೊಡುತ್ತಿರುವ ಕಾಯಿಯನ್ನು ಮೊದಲು ಗುರುತಿಸಿ, ಅದನ್ನು ಹೊಡೆಯುವ, ನಡುವೆ ಅಡ್ಡ ನಿಲ್ಲುವ, ಇಲ್ಲವೇ ರಾಜನನ್ನು ಸರಿಸುವ ನಡೆಗಳನ್ನಷ್ಟೇ ಹುಟ್ಟಿಸುವುದು ಅಂಥ ಒಂದು ಒಳದಾರಿ. ರಾಜನಿಗೂ ಎದುರಾಳಿಯ ಆನೆ, ಒಂಟೆ ಅಥವಾ ಮಂತ್ರಿಗೂ ನಡುವೆ ಒಂಟಿಯಾಗಿ ನಿಂತ ಕಾಯಿಯನ್ನು ‘ಬಂಧಿತ’ವೆಂದು ಗುರುತಿಸಿ ಅದರ ಚಲನೆಯನ್ನು ಆ ರೇಖೆಗೆ ಸೀಮಿತಗೊಳಿಸುವುದು ಇನ್ನೊಂದು. ಮುಂದೆ ವಿವರಿಸುವ ಒಂದೊಂದು ಪ್ರಸಂಗವೂ ಇಂಥ ಒಂದೊಂದು ಒಳದಾರಿಯನ್ನು ಮುಚ್ಚುತ್ತದೆ, ಇಲ್ಲವೇ ಅದಕ್ಕೊಂದು ಷರತ್ತನ್ನು ಸೇರಿಸುತ್ತದೆ.

3. ಕರ್ತೃವಲ್ಲದ ಕಾಯಿ

ಒಂದು ಕಾಯಿ ಸರಿದಾಗ ಅದರ ಹಿಂದಿದ್ದ ಸ್ವಪಕ್ಷದ ಕಾಯಿಗೆ ದಾರಿ ತೆರೆದು ಚೆಕ್ ಉಂಟಾದರೆ ಅದು ತೆರವಿನ ಚೆಕ್. ಇಲ್ಲಿ ಚಲಿಸಿದ ಕಾಯಿ ಬೇರೆ, ಆಕ್ರಮಿಸುವ ಕಾಯಿ ಬೇರೆ. ಸರಿದ ಕಾಯಿಯೂ ಹೊಸ ಮನೆಯಿಂದ ಆಕ್ರಮಿಸಿದರೆ ಅದು ಇಮ್ಮಡಿ ಚೆಕ್. ಒಂದೇ ನಡೆಯಲ್ಲಿ ಇಬ್ಬರು ಆಕ್ರಮಣಕಾರರನ್ನು ಹೊಡೆಯುವುದಾಗಲಿ, ಎರಡು ರೇಖೆಗಳಿಗೂ ಅಡ್ಡ ನಿಲ್ಲುವುದಾಗಲಿ ಸಾಧ್ಯವಿಲ್ಲದ್ದರಿಂದ ರಾಜನೇ ಸರಿಯಬೇಕು. 1910ರಲ್ಲಿ ವಿಯೆನ್ನಾದಲ್ಲಿ ರಿಚರ್ಡ್ ರೇಟಿ ತನ್ನ ಮಂತ್ರಿಯನ್ನೇ ಬಲಿಕೊಟ್ಟು ತಾರ್ತಕೋವರ್‌ನ ರಾಜನನ್ನು ಡಿ8ಕ್ಕೆ ಎಳೆದು, ಒಂಟೆಯನ್ನು ಜಿ5ಕ್ಕೆ ಸರಿಸಿ ಆನೆ–ಒಂಟೆಗಳ ಇಮ್ಮಡಿ ಚೆಕ್ ಉಂಟುಮಾಡಿ, ಹನ್ನೊಂದನೆಯ ನಡೆಯಲ್ಲಿ ಆಟ ಮುಗಿಸಿದ್ದು ಇದರ ಪ್ರಸಿದ್ಧ ನಿದರ್ಶನ.

ರಾಜನು ಎಂದೂ ತಾನಾಗಿ ಎದುರು ರಾಜನನ್ನು ಆಕ್ರಮಿಸಲಾರ. ಆದರೂ ರಾಜನ ನಡೆಯಿಂದ ಚೆಕ್ ಉಂಟಾಗಬಹುದು. 1912ರಲ್ಲಿ ಲಂಡನ್ನಿನಲ್ಲಿ ಎಡ್ವರ್ಡ್ ಲಾಸ್ಕರ್ ಜಾರ್ಜ್ ಥಾಮಸ್‌ನ ರಾಜನನ್ನು ಮಣೆಯ ಆಚೆ ತುದಿಯಿಂದ ಜಿ1ರವರೆಗೆ ಅಟ್ಟಿಸಿಕೊಂಡು ಬಂದು, ಕೊನೆಗೆ ತನ್ನ ರಾಜನನ್ನು ಡಿ2ಕ್ಕೆ ಸರಿಸಿದ. ಮೊದಲನೆಯ ಅಡ್ಡಸಾಲು ತೆರೆದು ಎ1ರ ಆನೆಯಿಂದ ಶಹಮಾತ್ ಆಯಿತು. ಅಲ್ಲಿ ಕ್ಯಾಸ್ಲಿಂಗ್ ಮಾಡಿದ್ದರೂ ಶಹಮಾತ್ ಆಗುತ್ತಿತ್ತೆಂಬುದು ಗಮನಾರ್ಹ. ‘ರಾಜನ ನಡೆಯಿಂದ ಚೆಕ್ ಬರದು’ ಎಂದು ಊಹಿಸಿ ರಚಿಸಿದ ಕಾರ್ಯಕ್ರಮ ಈ ಎರಡೂ ಶಹಮಾತ್‌ಗಳನ್ನು ಕಾಣದೆ ಹೋಗುತ್ತದೆ.

ಇನ್ನೂ ಅಪೂರ್ವವಾದುದು, ಚಲಿಸಿದ ಕಾಯಿಯ ಪಾಲೇ ಇಲ್ಲದ ಇಮ್ಮಡಿ ಚೆಕ್. ಕಪ್ಪು ರಾಜ ಇ6ರಲ್ಲಿದ್ದಾನೆ. ಬಿ3ರಲ್ಲಿರುವ ಬಿಳಿಯ ಒಂಟೆಯಿಂದ ಅವನಿಗೆ ಚೆಕ್ ಇದೆ. ಇ5ರಲ್ಲಿ ಬಿಳಿಯ ಕಾಲಾಳು, ಇ1ರಲ್ಲಿ ಬಿಳಿಯ ಆನೆ. ಕಪ್ಪು ಆಟಗಾರ ಡಿ7ರ ಕಾಲಾಳನ್ನು ಎರಡು ಮನೆ ಮುಂದಿಟ್ಟು ಡಿ5ರಲ್ಲಿ ಒಂಟೆಗೆ ಅಡ್ಡ ನಿಲ್ಲಿಸುತ್ತಾನೆ. ಹೀಗೆ ಎರಡು ಮನೆ ಹಾರಿ ತನ್ನ ಪಕ್ಕಕ್ಕೆ ಬಂದ ಕಾಲಾಳನ್ನು, ಅದು ಒಂದೇ ಮನೆ ನಡೆದಿದ್ದಂತೆ ಭಾವಿಸಿ, ಮರುನಡೆಯಲ್ಲೇ ಹೊಡೆಯುವ ಹಕ್ಕು ಎದುರಾಳಿಯ ಕಾಲಾಳಿಗುಂಟು. ಇದನ್ನು ಎನ್‌ಪಾಸಾ ಎನ್ನುತ್ತಾರೆ. ಬಿಳಿಯ ಕಾಲಾಳು ಇ5ರಿಂದ ಡಿ6ಕ್ಕೆ ಹೋಗುತ್ತದೆ, ಡಿ5ರ ಕಪ್ಪು ಕಾಲಾಳು ಮಣೆಯಿಂದ ಹೊರಬೀಳುತ್ತದೆ. ಒಂದೇ ನಡೆಯಿಂದ ಎರಡು ಮನೆಗಳು ತೆರವಾದವು. ಇ5 ತೆರವಾದುದರಿಂದ ಆನೆಯ ದಾರಿ, ಡಿ5 ತೆರವಾದುದರಿಂದ ಒಂಟೆಯ ದಾರಿ ತೆರೆದು ರಾಜನಿಗೆ ಇಮ್ಮಡಿ ಚೆಕ್ ಆಯಿತು. ಚಲಿಸಿದ ಕಾಲಾಳು ಆಕ್ರಮಿಸಲಿಲ್ಲ. ಆಕ್ರಮಿಸಿದ ಎರಡೂ ಕಾಯಿಗಳು ಚಲಿಸಲಿಲ್ಲ. ‘ಚೆಕ್ ಕೊಟ್ಟ ಕಾಯಿ ಯಾವುದು?’ ಎಂಬ ಪ್ರಶ್ನೆಗೆ ಇಲ್ಲಿ ನೇರ ಉತ್ತರವಿಲ್ಲ. ‘ರಾಜನಿಗೆ ಚೆಕ್ ಇದೆಯೇ, ಎಷ್ಟು ಕಡೆಯಿಂದ?’ ಎಂದು ಕೇಳಿದರೆ ಉತ್ತರ ಸುಲಭ.

4. ಚಲಿಸಲಾರದ ಆಕ್ರಮಣಕಾರ, ಹಿಂದೆ ಸರಿಯುವ ರಾಜ

ಕಪ್ಪು ರಾಜ ಇ8ರಲ್ಲಿ, ಕಪ್ಪು ಆನೆ ಇ5ರಲ್ಲಿ, ಬಿಳಿಯ ಆನೆ ಇ1ರಲ್ಲಿ ಇವೆಯೆನ್ನಿ. ಕಪ್ಪು ಆನೆ ಬಂಧಿತ. ಅದು ಇ ಸಾಲನ್ನು ಬಿಟ್ಟು ಕದಲಿದರೆ ಅದರ ರಾಜನೇ ಚೆಕ್‌ಗೆ ಸಿಲುಕುತ್ತಾನೆ. ಹಾಗಾದರೆ ಬಿಳಿಯ ರಾಜ ಎಚ್5ಕ್ಕೆ ಬರಬಹುದೇ? ಬರುವಂತಿಲ್ಲ. ಬಂಧಿತ ಕಾಯಿ ವಾಸ್ತವವಾಗಿ ಆ ಮನೆಗೆ ಹೋಗಲಾರದಿದ್ದರೂ ಅದರ ಆಕ್ರಮಣ ಊರ್ಜಿತವೆಂದು ಅಂತರರಾಷ್ಟ್ರೀಯ ಚದುರಂಗ ಒಕ್ಕೂಟವಾದ ಫಿಡೆಯ ನಿಯಮಾವಳಿ ಸ್ಪಷ್ಟಪಡಿಸುತ್ತದೆ. ಆಕ್ರಮಣವನ್ನು ಎದುರಾಳಿಯ ವಿಧಿಸಿದ್ಧ ನಡೆಗಳ ಪಟ್ಟಿಯಿಂದ ಲೆಕ್ಕಹಾಕುವ ಕಾರ್ಯಕ್ರಮ ಇಲ್ಲಿ ತಪ್ಪುತ್ತದೆ. ಅಷ್ಟೇ ಅಲ್ಲ, ವಿಧಿಸಿದ್ಧತೆಯನ್ನು ತಿಳಿಯಲು ಆಕ್ರಮಣವನ್ನೂ, ಆಕ್ರಮಣವನ್ನು ತಿಳಿಯಲು ವಿಧಿಸಿದ್ಧತೆಯನ್ನೂ ಕೇಳುತ್ತ ಅನ್ಯೋನ್ಯಾಶ್ರಯ ದೋಷಕ್ಕೆ ಸಿಲುಕುತ್ತದೆ. ಆಕ್ರಮಣವು ಗತಿಗೆ ಸೇರಿದ್ದು, ವಿಧಿಗಲ್ಲ ಎಂಬ ವಿವೇಕವೇ ಇದಕ್ಕೆ ಪರಿಹಾರ.

ಎರಡನೆಯ ಪ್ರಸಂಗ ಇನ್ನೂ ಸೂಕ್ಷ್ಮ. ಬಿಳಿಯ ರಾಜ ಇ4ರಲ್ಲಿದ್ದಾನೆ. ಇ8ರ ಕಪ್ಪು ಆನೆಯಿಂದ ಚೆಕ್ ಇದೆ. ರಾಜ ಇ3ಕ್ಕೆ ಸರಿಯಬಹುದೇ? ಆನೆ ಆಕ್ರಮಿಸುತ್ತಿರುವ ಮನೆಗಳ ಪಟ್ಟಿಯನ್ನು ಮೊದಲೇ ಸಿದ್ಧಪಡಿಸಿಟ್ಟ ಕಾರ್ಯಕ್ರಮ ಆ ಪಟ್ಟಿಯನ್ನು ಇ4ರಲ್ಲಿ ಮುಗಿಸಿರುತ್ತದೆ, ಏಕೆಂದರೆ ಅಲ್ಲಿ ರಾಜನೇ ಅಡ್ಡವಾಗಿದ್ದಾನೆ. ಹಾಗಾಗಿ ಇ3 ಸುರಕ್ಷಿತವೆಂದು ಅದು ಭ್ರಮಿಸುತ್ತದೆ. ರಾಜ ಸರಿದೊಡನೆ ಅಡ್ಡಿ ನೀಗಿ ಅದೇ ರೇಖೆ ಇ3ರವರೆಗೂ ಚಾಚುತ್ತದೆ. ತನ್ನ ನೆರಳಿನಲ್ಲಿ ತಾನೇ ಅಡಗಲು ರಾಜನಿಗೆ ಸಾಧ್ಯವಿಲ್ಲ. ಆದ್ದರಿಂದ ರಾಜನ ನಡೆಗಳನ್ನು ಪರೀಕ್ಷಿಸುವಾಗ ಅವನನ್ನು ಮಣೆಯಿಂದ ತೆಗೆದಿಟ್ಟು ಆಕ್ರಮಣದ ಲೆಕ್ಕ ಹಾಕಬೇಕು.

5. ಎರಡು ಕಾಯಿಗಳು ಒಮ್ಮೆಗೇ ಮಾಯವಾದಾಗ

ಎನ್‌ಪಾಸಾದಲ್ಲಿ ಹೊಡೆಯುವ ಕಾಯಿ ತಲಪುವ ಮನೆ ಬೇರೆ, ಹೊಡೆತಕ್ಕೀಡಾದ ಕಾಯಿ ಇದ್ದ ಮನೆ ಬೇರೆ. ಚದುರಂಗದ ಉಳಿದ ಯಾವ ಹೊಡೆತಕ್ಕೂ ಈ ಲಕ್ಷಣವಿಲ್ಲ. ಬಿಳಿಯ ರಾಜ ಇ4ರಲ್ಲಿ, ಬಿಳಿಯ ಕಾಲಾಳು ಇ5ರಲ್ಲಿ ಇರುವಾಗ ಕಪ್ಪು ಕಾಲಾಳು ಡಿ7ರಿಂದ ಡಿ5ಕ್ಕೆ ಬಂದು ಆಕ್ರಮಿಸಿದರೆ, ಇ5ರ ಕಾಲಾಳು ಡಿ6ಕ್ಕೆ ಹೋಗಿ ಅದನ್ನು ಹೊಡೆಯುವುದು ಚೆಕ್‌ಗೆ ನ್ಯಾಯಸಮ್ಮತ ಉತ್ತರ. ‘ಆಕ್ರಮಣಕಾರನಿರುವ ಮನೆಗೆ ಹೋಗುವ ನಡೆ’ಯನ್ನಷ್ಟೇ ಹುಡುಕುವ ಕಾರ್ಯಕ್ರಮ ಡಿ5ನ್ನು ನೋಡುತ್ತದೆ, ಡಿ6ನ್ನು ನೋಡುವುದಿಲ್ಲ. ಬೇರೆ ಉತ್ತರವಿಲ್ಲದ ಸ್ಥಿತಿಯಲ್ಲಾದರೆ ಬದುಕಿರುವ ರಾಜನಿಗೆ ಅದು ಶಹಮಾತ್ ಘೋಷಿಸುತ್ತದೆ.

ಇದಕ್ಕೆ ವಿರುದ್ಧವಾದ ದೋಷವೂ ಉಂಟು. ಕಾರ್ಯಕ್ರಮಗಳ ಪರೀಕ್ಷೆಗೆ ಲೋಕದಾದ್ಯಂತ ಬಳಕೆಯಲ್ಲಿರುವ ಒಂದು ಸ್ಥಿತಿಯಲ್ಲಿ ಬಿಳಿಯ ರಾಜ ಎ5, ಆನೆ ಬಿ4, ಕಾಲಾಳುಗಳು ಬಿ5, ಇ2, ಜಿ2. ಕಪ್ಪು ರಾಜ ಎಚ್4, ಆನೆ ಎಚ್5, ಕಾಲಾಳುಗಳು ಸಿ7, ಡಿ6, ಎಫ್4. ಬಿಳಿಯ ಕಾಲಾಳು ಇ2ರಿಂದ ಇ4ಕ್ಕೆ ಬಂದಿತೆನ್ನಿ. ಎಫ್4ರ ಕಪ್ಪು ಕಾಲಾಳು ಅದನ್ನು ಎನ್‌ಪಾಸಾದಿಂದ ಹೊಡೆಯಬಹುದೇ? ನಾಲ್ಕನೆಯ ಅಡ್ಡಸಾಲಿನಲ್ಲಿ ಬಿಳಿಯ ಆನೆಗೂ ಕಪ್ಪು ರಾಜನಿಗೂ ನಡುವೆ ಈಗ ಎರಡು ಕಾಲಾಳುಗಳಿವೆ. ಬಂಧನದ ಪರೀಕ್ಷೆ ನಡುವೆ ಒಂಟಿಯಾಗಿ ನಿಂತ ಕಾಯಿಯನ್ನು ಮಾತ್ರ ಹುಡುಕುವುದರಿಂದ ಎಫ್4ರ ಕಾಲಾಳು ಸ್ವತಂತ್ರವೆಂದು ತೀರ್ಮಾನಿಸುತ್ತದೆ. ಆದರೆ ಹೊಡೆತದ ಬಳಿಕ ಎರಡೂ ಕಾಲಾಳುಗಳು ಆ ಸಾಲಿನಿಂದ ಒಮ್ಮೆಗೇ ಮಾಯವಾಗಿ ರಾಜ ಆನೆಗೆ ಎದುರಾಗುತ್ತಾನೆ. ನಡೆ ನಿಷಿದ್ಧ. ಸಿ7ರ ಕಾಲಾಳು ಸಿ5ಕ್ಕೆ ಬಂದಾಗ ಐದನೆಯ ಸಾಲಿನಲ್ಲಿ ಬಿಳಿಯರಿಗೂ ಇದೇ ಕಟ್ಟು ಬೀಳುತ್ತದೆ.

ಹೊಡೆತಕ್ಕೀಡಾದ ಕಾಲಾಳಿನ ತೆರವಿನಿಂದ ಓರೆ ಸಾಲಿನಲ್ಲಿ ಹೀಗಾಗಬಹುದೇ ಎಂಬ ಪ್ರಶ್ನೆ ಸಹಜ. ನಿಯಮಬದ್ಧವಾಗಿ ನಡೆದ ಆಟದಲ್ಲಿ ಆಗದು. ಆ ಕಾಲಾಳು ಎರಡು ಮನೆ ಹಾರಿ ಬರುವ ಮುನ್ನ ಅದೇ ಓರೆ ಸಾಲು ತೆರೆದೇ ಇದ್ದಿರಬೇಕು. ಅಂದರೆ ರಾಜನನ್ನು ಚೆಕ್‌ನಲ್ಲೇ ಬಿಟ್ಟು ಆಟಗಾರ ತನ್ನ ನಡೆಯನ್ನು ಮುಗಿಸಿದ್ದಿರಬೇಕು. ಅದು ಅಸಂಭವ. ಉದ್ದಸಾಲಿನಲ್ಲಿ ಹೊಡೆದ ಕಾಲಾಳೇ ಆ ಸಾಲಿಗೆ ಬಂದು ನಿಲ್ಲುವುದರಿಂದ ದಾರಿ ತೆರೆಯುವುದಿಲ್ಲ. ಹೀಗೆ ಈ ಅಪವಾದದ ವ್ಯಾಪ್ತಿ ಅಡ್ಡಸಾಲಿಗೆ ಸೀಮಿತ.

6. ‘ಇದೆ’ ಮತ್ತು ‘ಇತ್ತು’

ಎನ್‌ಪಾಸಾ ಮರುನಡೆಗೆ ಮಾತ್ರ ಸಲ್ಲುವ ಹಕ್ಕು. ರಾಜ ಮತ್ತು ಆನೆಗಳು ಒಮ್ಮೆಗೇ ಸ್ಥಳ ಬದಲಿಸುವ ಕ್ಯಾಸ್ಲಿಂಗ್‌ಗೆ ಅವೆರಡೂ ಮೊದಲು ಕದಲಿರಬಾರದು. ಮಣೆಯನ್ನು ನೋಡಿದ ಮಾತ್ರಕ್ಕೆ ಈ ಎರಡೂ ತಿಳಿಯುವುದಿಲ್ಲ. ಹಿಂದಿನ ನಡೆಗಳು ಗೊತ್ತಿರಬೇಕು. ಸಸೂರನ ಹೋಲಿಕೆ ಬಿರುಕು ಬಿಡುವುದು ಇಲ್ಲಿ. ಗಣಕದಲ್ಲಿ ಒಂದು ಸ್ಥಿತಿಯನ್ನು ದಾಖಲಿಸುವಾಗ ಕಾಯಿಗಳ ವಿನ್ಯಾಸದ ಜೊತೆಗೆ ಯಾರ ಸರದಿ, ಕ್ಯಾಸ್ಲಿಂಗ್ ಹಕ್ಕು, ಎನ್‌ಪಾಸಾ ಮನೆ ಇತ್ಯಾದಿಗಳನ್ನು ಪ್ರತ್ಯೇಕವಾಗಿ ಬರೆದಿಡಬೇಕಾಗಿರುವುದು ಇದರಿಂದಲೇ.

ಚೆಕ್ ಮಾತ್ರ ಇಂದಿನ ನಿಯಮದಲ್ಲಿ ಶುದ್ಧ ವರ್ತಮಾನಕ್ಕೆ ಸೇರಿದ್ದು. ಚೆಕ್ ಇರುವಾಗ ಕ್ಯಾಸ್ಲಿಂಗ್ ಮಾಡುವಂತಿಲ್ಲ. ರಾಜ ಹಾದುಹೋಗುವ ಮನೆಯಾಗಲಿ, ತಲಪುವ ಮನೆಯಾಗಲಿ ಆಕ್ರಮಣಕ್ಕೆ ಒಳಗಾಗಿರಬಾರದು. ಹಿಂದೆ ಚೆಕ್ ಬಂದು, ರಾಜ ಕದಲದೆಯೇ ಅದು ನಿವಾರಣೆಯಾಗಿದ್ದರೆ ಕ್ಯಾಸ್ಲಿಂಗ್‌ಗೆ ಅಡ್ಡಿಯಿಲ್ಲ. ಆನೆಯ ಮೇಲಿನ ಆಕ್ರಮಣವೂ ಅಡ್ಡಿಯಲ್ಲ. 1974ರಲ್ಲಿ ಕಾರ್ಪೊವ್ ವಿರುದ್ಧದ ಅಭ್ಯರ್ಥಿಗಳ ಅಂತಿಮ ಸರಣಿಯಲ್ಲಿ ವಿಕ್ಟರ್ ಕೊರ್ಚ್ನೊಯ್‌ರಂಥ ಅಗ್ರಮಾನ್ಯರೇ ಈ ಕೊನೆಯ ವಿಷಯದಲ್ಲಿ ತೀರ್ಪುಗಾರರನ್ನು ಕೇಳಿ ಖಚಿತಪಡಿಸಿಕೊಂಡ ಪ್ರಸಂಗ ಪ್ರಸಿದ್ಧವಾಗಿದೆ.

ಭಾರತದ ಹಳೆಯ ಆಟದಲ್ಲಿ ಪರಿಸ್ಥಿತಿ ಬೇರೆಯಾಗಿತ್ತು. ಅಲ್ಲಿ ಕ್ಯಾಸ್ಲಿಂಗ್ ಬದಲು ರಾಜನಿಗೆ ಆಟದಲ್ಲಿ ಒಮ್ಮೆ ಮಾತ್ರ ಕುದುರೆಯಂತೆ ನೆಗೆಯುವ ಹಕ್ಕಿತ್ತು. ಅದಕ್ಕೆ ಮುನ್ನ ಒಮ್ಮೆ ಚೆಕ್ ಬಂದರೂ ಆ ಹಕ್ಕು ನಷ್ಟವಾಗುತ್ತಿತ್ತು. ಕಾಲಾಳು ಸಾಮಾನ್ಯವಾಗಿ ಒಂದೇ ಮನೆ ನಡೆಯುತ್ತಿದ್ದುದರಿಂದ ಎನ್‌ಪಾಸಾದ ಪ್ರಶ್ನೆಯೇ ಏಳುತ್ತಿರಲಿಲ್ಲ. ಭಾರತೀಯ ಪದ್ಧತಿಯಲ್ಲಿ ಪಳಗಿದ್ದ ಸುಲ್ತಾನ್ ಖಾನ್ ಪಾಶ್ಚಾತ್ಯ ನಿಯಮಗಳನ್ನು ಕಲಿತು 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದದ್ದು ಈ ಎರಡು ಪದ್ಧತಿಗಳ ನಡುವಣ ದಾಟುವಿಕೆಯ ದೊಡ್ಡ ನಿದರ್ಶನ. ‘ಒಮ್ಮೆ ಚೆಕ್ ಬಂದ ರಾಜ ಮತ್ತೆ ಕ್ಯಾಸ್ಲಿಂಗ್ ಮಾಡುವಂತಿಲ್ಲ’ ಎಂಬ ತಪ್ಪುಕಲ್ಪನೆ ಮನೆಯಂಗಳದ ಆಟಗಳಲ್ಲಿ ಕೇಳಿಬರುವುದುಂಟು. ಅದರ ಮೂಲ ಏನೇ ಇರಲಿ, ರೂಪ ಮಾತ್ರ ಹಳೆಯ ಭಾರತೀಯ ನಿಯಮದ್ದೇ. ಹಳೆಯ ನಿಯಮ ಕೇಳುತ್ತಿದ್ದುದು ‘ಚೆಕ್ ಇತ್ತೇ?’ ಎಂದು, ಇಂದಿನ ನಿಯಮ ಕೇಳುವುದು ‘ಚೆಕ್ ಇದೆಯೇ?’ ಎಂದು. ಭೂತ ಮತ್ತು ವರ್ತಮಾನಗಳ ಈ ಅಂತರ ಗಣಕಕ್ಕೆ ಒಂದು ಹೆಚ್ಚುವರಿ ದಾಖಲೆಯ ಪ್ರಶ್ನೆ. ಆಟಗಾರನಿಗೆ ಸೋಲು ಗೆಲುವಿನ ಪ್ರಶ್ನೆ.

7. ಎಣಿಕೆಯ ಸಾಕ್ಷ್ಯ

ನಡೆಗಳ ಪಟ್ಟಿ ಸರಿಯಾಗಿದೆಯೆಂದು ತಿಳಿಯುವ ಉಪಾಯ ಎಣಿಕೆ. ಆರಂಭದ ಸ್ಥಿತಿಯಿಂದ ಒಂದು ಪಕ್ಷದ ಒಂದು ನಡೆಗೆ 20 ದಾರಿಗಳು, ಎರಡಕ್ಕೆ 400, ಮೂರಕ್ಕೆ 8,902, ನಾಲ್ಕಕ್ಕೆ 1,97,281, ಐದಕ್ಕೆ 48,65,609, ಆರಕ್ಕೆ 11,90,60,324. ಪರ್ಫ್ಟ್ ಎಂದು ಕರೆಯಲಾಗುವ ಈ ಪರೀಕ್ಷೆಯಲ್ಲಿ ಕಾರ್ಯಕ್ರಮದ ಲೆಕ್ಕ ಒಂದರಷ್ಟು ವ್ಯತ್ಯಾಸವಾದರೂ ದೋಷವಿದೆಯೆಂದೇ ಅರ್ಥ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಐದು ನಡೆಗಳ ಆಳದಲ್ಲಿ ಕೊನೆಯ ನಡೆಯಿಂದ ಚೆಕ್ ಉಂಟಾಗುವ ದಾರಿಗಳು 27,351. ಅವುಗಳಲ್ಲಿ ತೆರವಿನ ಚೆಕ್ ಕೇವಲ 6, ಇಮ್ಮಡಿ ಚೆಕ್ ಒಂದೂ ಇಲ್ಲ. ಆರು ನಡೆಗಳಿಗೆ ಚೆಕ್‌ಗಳು 8,09,099; ಇಮ್ಮಡಿ ಚೆಕ್‌ಗಳು 46. ಅಲ್ಲಿಯವರೆಗೂ ಕ್ಯಾಸ್ಲಿಂಗ್ ಒಮ್ಮೆಯೂ ಬರುವುದಿಲ್ಲ. ಅದು ಕಾಣಿಸಿಕೊಳ್ಳುವುದು ಏಳನೆಯ ನಡೆಯಲ್ಲಿ. ಅಂದರೆ ಇಮ್ಮಡಿ ಚೆಕ್‌ನ ನಿಯಮವನ್ನೇ ಅರಿಯದ ಕಾರ್ಯಕ್ರಮವೂ ಸುಮಾರು ನಲವತ್ತೊಂಬತ್ತು ಲಕ್ಷ ದಾರಿಗಳನ್ನು ನಿರ್ದುಷ್ಟವಾಗಿ ಎಣಿಸಬಲ್ಲದು. ಆರನೆಯ ನಡೆಯಲ್ಲಿ ಹುಟ್ಟಿದ ಇಮ್ಮಡಿ ಚೆಕ್‌ಗೆ ಉತ್ತರ ಹುಡುಕಬೇಕಾಗುವುದು ಏಳನೆಯದರಲ್ಲಾದ್ದರಿಂದ ಹನ್ನೊಂದು ಕೋಟಿಗೂ ಮೀರಿದ ಎಣಿಕೆಯಲ್ಲೂ ಆ ದೋಷ ಬಯಲಾಗದು. ಬಹುಸಂಖ್ಯೆಯ ಸಾಕ್ಷ್ಯ ಅಪವಾದಕ್ಕೆ ಪ್ರಮಾಣವಲ್ಲ. ಆದುದರಿಂದಲೇ ಹಿಂದಿನ ಭಾಗದಲ್ಲಿ ವಿವರಿಸಿದಂಥ, ಹತ್ತೇ ಕಾಯಿಗಳಿದ್ದರೂ ಅಪವಾದಗಳನ್ನು ಒತ್ತಾಗಿ ಇರಿಸಿಕೊಂಡ ಸ್ಥಿತಿಗಳನ್ನು ಪರೀಕ್ಷೆಗೆ ಬಳಸುತ್ತಾರೆ. ಆ ಸ್ಥಿತಿಯ ಎಣಿಕೆ 14, 191, 2,812, 43,238 ಎಂದು ಸಾಗುತ್ತದೆ. ಈ ಕ್ರಮ ವೈಯಾಕರಣರದೂ ಹೌದು: ಸೂತ್ರದ ಬಲ ಪರೀಕ್ಷೆಗೊಳಗಾಗುವುದು ಸಾಮಾನ್ಯ ಪದಗಳಿಂದಲ್ಲ, ವಿರಳ ಪ್ರಯೋಗಗಳಿಂದ.

8. ಸಮಾರೋಪ

ಮೇಲಿನ ಪ್ರಸಂಗಗಳೆಲ್ಲ ಒಂದೇ ನಿರ್ಣಯದತ್ತ ಬೆರಳು ಮಾಡುತ್ತವೆ. ಚೆಕ್ ಎಂಬುದು ಒಂದು ಕಾಯಿ ಇನ್ನೊಂದಕ್ಕೆ ಮಾಡುವ ಕ್ರಿಯೆಯಲ್ಲ. ಇಡೀ ಮಣೆ ರಾಜನೊಡನೆ ಹೊಂದಿರುವ ಸಂಬಂಧ. ಚಲಿಸಿದ ಕಾಯಿ ಆಕ್ರಮಿಸದೆ ಇರಬಹುದು, ಆಕ್ರಮಿಸಿದ ಕಾಯಿ ಚಲಿಸಲಾರದೆ ಇರಬಹುದು, ಆಕ್ರಮಣಕಾರ ಒಂದಕ್ಕಿಂತ ಹೆಚ್ಚಿರಬಹುದು. ನಡೆ ಮುಗಿದ ಮೇಲೆ ತನ್ನ ರಾಜನಿಗೆ ಚೆಕ್ ಇರಬಾರದು ಎಂಬ ಒಂದೇ ವಾಕ್ಯ ಕ್ಯಾಸ್ಲಿಂಗ್‌ನ ವಿಶೇಷ ಷರತ್ತುಗಳನ್ನುಳಿದು ಮಿಕ್ಕೆಲ್ಲ ಪ್ರಸಂಗಗಳನ್ನು ಒಳಗೊಳ್ಳುತ್ತದೆ. ಉಳಿದ ಸೂತ್ರಗಳೆಲ್ಲ ವೇಗಕ್ಕಾಗಿ ಮಾಡಿಕೊಂಡ ಸಂಕ್ಷೇಪಗಳು.

ಬಿಡಿ ಅಂಶವನ್ನಲ್ಲ, ಇಡೀ ಸನ್ನಿವೇಶವನ್ನು ನೋಡಿ ರೂಪವನ್ನು ನಿರ್ಣಯಿಸುವ ಗಣಕವಿದ್ಯೆ ಮಂಗಳೂರು ಪರಿಸರಕ್ಕೆ ಹೊಸದಲ್ಲ. ಸಮೀಪದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸ ಧ್ವನಿಯನ್ನು ಆಧರಿಸಿದೆ. ಅಲ್ಲಿ ಬರೆಯುವವನು ಧ್ವನಿಗಳನ್ನು ಅನುಕ್ರಮವಾಗಿ ಒತ್ತುತ್ತಾನೆ. ಒತ್ತಕ್ಷರ ಎಲ್ಲಿ, ಅರ್ಕಾವತ್ತು ಎಲ್ಲಿ ಎಂಬುದನ್ನು ನಿಯಮ ನಿರ್ಣಯಿಸುತ್ತದೆ. ‘ಕ್ರ’ ಮತ್ತು ‘ರ್ಕ’ಗಳಲ್ಲಿ ಧ್ವನಿಗಳು ಅವೇ, ಕ್ರಮ ಬೇರೆಯಾದುದರಿಂದ ರೂಪ ಬೇರೆ. ಕನ್ನಡ ಲಿಪಿಯ ಅಪವಾದಗಳನ್ನು ಗಣಕಕ್ಕೆ ತಿಳಿಹೇಳಿದ ಪರಿಸರದಲ್ಲಿ ಚದುರಂಗದ ಅಪವಾದಗಳನ್ನು ಕನ್ನಡದಲ್ಲೇ ಅಷ್ಟೇ ಖಚಿತವಾಗಿ ಹೇಳಲಾಗದು ಎನ್ನಲು ಕಾರಣವಿಲ್ಲ.

ಮಂಗಳೂರಿನಲ್ಲಿ ಫಿಡೆ ಮಾನ್ಯತೆಯ ರೇಟಿಂಗ್ ಪಂದ್ಯಾವಳಿಗಳು ನಡೆದಿವೆ. 2017ರಲ್ಲಿ ಮೈಸೂರಿನ ತೇಜ್‌ಕುಮಾರ್ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಆಟವನ್ನು ಕನ್ನಡದ ಮೂಲಕ ಕಲಿಯುವ ಮಗುವಿಗೆ ‘ಚೆಕ್ ಕೊಟ್ಟ ಕಾಯಿಯಿಂದ ತಪ್ಪಿಸಿಕೋ’ ಎಂದು ಹೇಳಿಕೊಟ್ಟರೆ, ಎನ್‌ಪಾಸಾದ ಬಳಿಕ ತೆರೆದ ಎರಡು ದಾರಿಗಳನ್ನು ಅದು ಕಾಣಲಾರದು. ‘ನಡೆ ಮುಗಿದಾಗ ನಿನ್ನ ರಾಜನಿಗೆ ಚೆಕ್ ಇರಕೂಡದು’ ಎಂದು ಹೇಳಿಕೊಟ್ಟರೆ ಕಂಡೀತು. ಮಗುವಿಗೆ ಸಲ್ಲುವ ಈ ಮಾತೇ ಗಣಕಕ್ಕೂ ಸಲ್ಲುತ್ತದೆ. ಬೇಕಾದ ವಾಕ್ಯ ಕನ್ನಡದ ಆಡುಮಾತಿನಲ್ಲಿ ಆಗಲೇ ಇದೆ. ಪಠ್ಯಗಳು ಅದನ್ನು ಆಯ್ದುಕೊಳ್ಳಬೇಕಾಗಿದೆ.